ಸತ್ತ ಕರ್ನಲ್ ಬಿಟ್ಟುಹೋಗುವ ಹೆಸರುಗಳು

ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು. ಅದು ಮುಂದೆ ಹೋಗಲಾರದೆ ಪ್ಯಾನಿಕ್ ಆಗಿ ಸರ್ವರ್ ಬಿದ್ದ ಮೇಲೆ ನಮ್ಮ ಕೈಗೆ ಸಿಗುವುದು ಒಂದು ಡಂಪ್ ಫೈಲ್, ವಿಎಂಕೋರ್. ಕೆಲವು ಸಲ ಒಂದೆರಡು ಜಿಬಿ ಇರುತ್ತದೆ, ಕೆಲವು ಸಲ ನೂರು ಜಿಬಿ ದಾಟಿರುತ್ತದೆ. ಬಿದ್ದ ಗಳಿಗೆಯಲ್ಲಿ ಮೆಮೊರಿಯಲ್ಲಿ ಏನಿತ್ತೋ ಅದೆಲ್ಲ ಅದರೊಳಗಿದೆ. ಆದರೆ ಬರೀ ಬೈಟುಗಳನ್ನು ಇಟ್ಟುಕೊಂಡು ಏನು ಮಾಡುವುದು? ಯಾವುದು ಎಲ್ಲಿ ಶುರುವಾಗುತ್ತದೆ, ಎಷ್ಟು ಉದ್ದ ಇದೆ ಅಂತ ಯಾರಾದರೂ ಹೇಳಬೇಕು. ಹೇಳಬೇಕಾದ ಕರ್ನಲ್ಲೇ ಸತ್ತುಹೋಗಿದೆ. ಅದಕ್ಕೇ ಕರ್ನಲ್ ಬೂಟ್ ಆಗುವಾಗಲೇ ತನ್ನ ಬಗ್ಗೆ ಒಂದಷ್ಟು ಸಾಲು ಬರೆದಿಟ್ಟುಕೊಂಡಿರುತ್ತದೆ. ಆ ಸಾಲುಗಳ ಕಟ್ಟಿಗೆ ವಿಎಂಕೋರ್‌ಇನ್ಫೋ ಅಂತ ಹೆಸರು. ಅದರಲ್ಲಿ ಹೆಸರುಗಳನ್ನು ಹೇಗೆ ಇಡುತ್ತಾರೆ, ಯಾಕೆ ಹಾಗೆ ಇಡುತ್ತಾರೆ ಅನ್ನುವುದನ್ನು ಬಹಳ ದಿನದಿಂದ ಬರೆಯಬೇಕು ಅಂದುಕೊಂಡಿದ್ದೆ.

ನಾನು ಬೆಂಗಳೂರಿನಲ್ಲಿ ಲಿನಕ್ಸ್ ಕರ್ನಲ್ ಸಪೋರ್ಟ್ ಕೆಲಸ ಮಾಡುವವಳು. ಟೀಮಿಗೆ ಹೊಸದಾಗಿ ಬಂದವರು ಮೊದಲು ಕಲಿಯಲು ಬಯಸುವುದು ಡಂಪ್ ಬಿಡಿಸಿ ನೋಡುವ ಕ್ರ್ಯಾಶ್ ಅನ್ನುವ ಟೂಲಿನ ಕಮಾಂಡುಗಳನ್ನು: ಬ್ಯಾಕ್‌ಟ್ರೇಸ್ ಹೇಗೆ, ಲಾಗ್ ಹೇಗೆ ಅಂತ. ನಾನು ಮಾತ್ರ ಮೊದಲ ದಿನ ಆ ಟೂಲ್ ತೆರೆಯಲು ಬಿಡುವುದಿಲ್ಲ. ಒಂದು ಡಂಪ್ ಕೊಟ್ಟು, ಫೈಲಿನಿಂದ ಓದಬಹುದಾದ ಅಕ್ಷರಗಳನ್ನು ಹೆಕ್ಕುವ ಸ್ಟ್ರಿಂಗ್ಸ್ ಕಮಾಂಡ್ ಹಾಕಿ ವಿಎಂಕೋರ್‌ಇನ್ಫೋ ಸಾಲುಗಳನ್ನು ಹುಡುಕಿ, ಕೂತು ಓದಿ ಅನ್ನುತ್ತೇನೆ. ಎಲ್ಲ ಟೂಲ್‌ಗಳೂ ಮೊದಲು ಮಾಡುವ ಕೆಲಸ ಅದೇ. ಅದು ಅರ್ಥವಾದವರಿಗೆ ಮುಂದೆ ಟೂಲ್ ಕೈಕೊಟ್ಟಾಗ ಗಾಬರಿ ಆಗುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಹೆಸರುಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಬರೆಯುತ್ತಿದ್ದೇನೆ. ಕೋಡಿನಲ್ಲಿ ಅವು ಇಂಗ್ಲಿಷಿನಲ್ಲಿವೆ. ಬ್ರ್ಯಾಕೆಟ್ಟಿನ ಹೊರಗಿನ ಪದ ಪೂರ್ತಿ ದೊಡ್ಡಕ್ಷರದಲ್ಲಿರುತ್ತದೆ. ಒಳಗಿನದು ಕರ್ನಲ್ ಕೋಡಿನಲ್ಲಿ ಹೇಗಿದೆಯೋ ಹಾಗೇ ಇರುತ್ತದೆ.

5.14 ಕರ್ನಲ್ ಓಡುತ್ತಿದ್ದ ಒಂದು ಎಕ್ಸ್86 ಮೆಷಿನ್ನಿನ ಡಂಪ್ ತೆಗೆದುಕೊಳ್ಳಿ. ಮೊದಲಿಗೇ ಓಎಸ್‌ರಿಲೀಸ್ ಅಂತ ಒಂದು ಸಾಲು, ಅದರ ಮುಂದೆ 5.14.0 ಅಂತ ಶುರುವಾಗುವ ಉದ್ದನೆಯ ವರ್ಷನ್. ಆಮೇಲೆ ಬಿಲ್ಡ್-ಐಡಿ, ಅದರ ಮುಂದೆ 40 ಹೆಕ್ಸ್ ಅಂಕಿ (ಹೆಕ್ಸ್ ಅಂದರೆ ಹದಿನಾರರ ಲೆಕ್ಕ, 0ಯಿಂದ 9, ಆಮೇಲೆ ಎಯಿಂದ ಎಫ್). ಆಮೇಲೆ ಪೇಜ್‌ಸೈಜ್=4096, ಅಂದರೆ ಕರ್ನಲ್ ಮೆಮೊರಿಯನ್ನು ಹಂಚುವ ಒಂದು ತುಂಡು (ಪೇಜು) ಎಷ್ಟು ಬೈಟ್ ಅಂತ. ಇವು ಇಡೀ ಕರ್ನಲ್‌ಗೆ ಸೇರಿದ ಸಂಗತಿಗಳು, ಹಾಗಾಗಿ ಬ್ರ್ಯಾಕೆಟ್ ಇಲ್ಲ. ಅವುಗಳ ಕೆಳಗೆ ನಿಜವಾದ ಸರಕು ಶುರುವಾಗುತ್ತದೆ:

ಆಫ್‌ಸೆಟ್(ಪೇಜ್.ಫ್ಲಾಗ್ಸ್)=0
ಸೈಜ್(ಪೇಜ್)=64
ಲೆಂಗ್ತ್(ಜೋನ್.ಫ್ರೀ_ಏರಿಯಾ)=11
ನಂಬರ್(ಪಿಜಿ_ಎಲ್‌ಆರ್‌ಯು)=4

ಇದರ ಜೊತೆಗೆ ಸಿಂಬಲ್ ಅಂತ ಶುರುವಾಗುವ ಸಾಲುಗಳು ಬೇಕಾದಷ್ಟು. ಬ್ರ್ಯಾಕೆಟ್ಟಿನ ಹೊರಗಿನ ಪದ ಇದು ಯಾವ ಜಾತಿಯ ಮಾಹಿತಿ ಅಂತ ಹೇಳುತ್ತದೆ. ಒಳಗಿನದು ಯಾವುದರ ಬಗ್ಗೆ ಅಂತ ಹೇಳುತ್ತದೆ. ಸಿಂಬಲ್ ಅಂದರೆ ಅಡ್ರೆಸ್. ಸೈಜ್ ಅಂದರೆ ಒಂದು ಸ್ಟ್ರಕ್ಚರ್ (ಹಲವು ಫೀಲ್ಡುಗಳನ್ನು ಒಟ್ಟಿಗೆ ಕಟ್ಟಿದ್ದು) ಎಷ್ಟು ಬೈಟ್. ಆಫ್‌ಸೆಟ್ ಅಂದರೆ ಸ್ಟ್ರಕ್ಚರಿನ ಒಳಗೆ ಆ ಫೀಲ್ಡ್ ಎಷ್ಟನೇ ಬೈಟಿನಲ್ಲಿದೆ ಅಂತ. ಲೆಂಗ್ತ್ ಅಂದರೆ ಅರೇಯಲ್ಲಿ ಎಷ್ಟು ಮನೆ ಇವೆ ಅಂತ. ಇದು ಬೈಟ್ ಅಲ್ಲ, ಎಣಿಕೆ. ಸೈಜ್ ಮತ್ತು ಲೆಂಗ್ತ್ ಎರಡನ್ನೂ ಒಂದೇ ಅಂದುಕೊಳ್ಳುವವರು ತುಂಬ ಜನ. ಎರಡು ಬೇರೆ ಪದ ಇಟ್ಟಿರುವುದೇ ಆ ಗೊಂದಲ ಬೇಡ ಅಂತ. ನಂಬರ್ ಅಂದರೆ ಒಂದು ವೇರಿಯಬಲ್ಲಿನ ಅಥವಾ ಸ್ಥಿರಾಂಕದ ಬೆಲೆ.

ಬೇಗ ಕಣ್ಣಿಗೆ ಬೀಳದ ಇನ್ನೊಂದು ಸಂಗತಿ ಇದೆ. ಸಿಂಬಲ್ ಸಾಲಿನ ಬೆಲೆ ಹೆಕ್ಸ್‌ನಲ್ಲಿ ಇರುತ್ತದೆ, ಆದರೆ ಹೆಕ್ಸ್ ಅಂತ ತೋರಿಸುವ 0ಎಕ್ಸ್ ಅನ್ನುವ ಮುಂಗುರುತು ಇರುವುದಿಲ್ಲ. ಸೈಜ್, ಆಫ್‌ಸೆಟ್, ಲೆಂಗ್ತ್, ನಂಬರ್ ನಾಲ್ಕೂ ಮಾಮೂಲಿ ದಶಮಾಂಶ. ಅಂದರೆ ಮುಂದಿರುವ ಅಂಕಿಯನ್ನು ಹೇಗೆ ಓದಬೇಕು ಅನ್ನುವುದನ್ನು ಹಿಂದಿರುವ ಪದವೇ ನಿರ್ಧರಿಸುತ್ತದೆ. ಸಿಂಬಲ್ ವಿಷಯದಲ್ಲಿ ತೊಂದರೆ ಇಲ್ಲ, ಕರ್ನಲ್ ಅಡ್ರೆಸ್ ನೋಡಿದ ಕೂಡಲೇ ಹೆಕ್ಸ್ ಅಂತ ಗೊತ್ತಾಗುತ್ತದೆ. ಆದರೆ ಕರ್ನಲ್‌ಆಫ್‌ಸೆಟ್ ಅಂತ ಒಂದು ಸಾಲಿದೆ. ಸುರಕ್ಷತೆಗಾಗಿ ಕರ್ನಲ್ ಪ್ರತಿ ಸಲ ಬೂಟ್ ಆದಾಗ ಬೇರೆ ಬೇರೆ ಅಡ್ರೆಸ್ಸಿಗೆ ಸರಿದು ಕೂರುತ್ತದೆ ಅಲ್ವಾ, ಎಷ್ಟು ಸರಿದಿದೆ ಅಂತ ಅದು ಹೇಳುತ್ತದೆ. ಅದೂ ಹೆಕ್ಸ್, ಅದಕ್ಕೂ ಮುಂಗುರುತಿಲ್ಲ.

ಹೋದ ವರ್ಷ ಟೀಮಿಗೆ ಬಂದ ಹುಡುಗ ಒಬ್ಬ ಒಂದು ಡಂಪ್ ತೋರಿಸಿ ಕೇಳಿದ. "ಮೇಡಂ, ಕರ್ನಲ್‌ಆಫ್‌ಸೆಟ್ 26000000 ಇದೆ. ಎರಡು ಕೋಟಿ ಅರವತ್ತು ಲಕ್ಷ ಬೈಟ್, ಅಂದರೆ ಸುಮಾರು 25 ಎಂಬಿ. ಆದರೆ ಸಿಂಬಲ್‌ಗಳಿಂದ ಅಷ್ಟು ಕಳೆದರೆ ಯಾವುದೂ ಹೊಂದುತ್ತಿಲ್ಲ." ನಾನು "ನೋಡಪ್ಪ, ಅದನ್ನ ಹೆಕ್ಸ್ ಅಂತ ಓದು" ಅಂದೆ. ಹೆಕ್ಸ್‌ನಲ್ಲಿ ಓದಿದರೆ ಅದು 608 ಎಂಬಿ. ಕಳೆದು ನೋಡಿದ, ಎಲ್ಲ ಸರಿಯಾಗಿ ಕೂತಿತು. ಆ ಸಲ ಬಂದ ಬೆಲೆಯಲ್ಲಿ ಒಂದೂ ಅಕ್ಷರ ಇರಲಿಲ್ಲ, ಬರೀ ಅಂಕಿ. ಹಾಗಾಗಿ ಯಾರು ನೋಡಿದರೂ ದಶಮಾಂಶ ಅಂತಲೇ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಇದು ಆ ಪದ್ಧತಿಯಲ್ಲಿರುವ ಒಂದು ಕೊರತೆ. ಮುಂಗುರುತಿಗೆ ಎರಡೇ ಅಕ್ಷರ ಸಾಕಿತ್ತು. ಈಗ ಸೇರಿಸಲಿಕ್ಕೂ ಬರುವುದಿಲ್ಲ. ಈಗಾಗಲೇ ಈ ಸಾಲನ್ನು ಓದುತ್ತಿರುವ ಟೂಲ್‌ಗಳನ್ನು ಕೆಣಕುವ ಧೈರ್ಯ ಯಾರಿಗಿದೆ?

ಇಷ್ಟಕ್ಕೂ ಈ ಸಾಲುಗಳು ಯಾಕೆ ಬಂದವು ಅಂತ ಹೇಳಬೇಕು. ಡಂಪ್ ತೆಗೆಯುವ ವ್ಯವಸ್ಥೆಯಾದ ಕೆಡಂಪ್ ಲಿನಕ್ಸ್‌ಗೆ ಸೇರಿದ್ದು 2005ರಲ್ಲಿ, ಕರ್ನಲ್ ವರ್ಷನ್ 2.6.13ರಲ್ಲಿ. ನಮ್ಮೂರಿನವರಿಗೆ ಇದು ಗೊತ್ತಿರಬೇಕು: ಅದರ ಶುರುವಿನ ಕೆಲಸದಲ್ಲಿ ದೊಡ್ಡ ಪಾಲು ಐಬಿಎಂನ ಲಿನಕ್ಸ್ ಟೆಕ್ನಾಲಜಿ ಸೆಂಟರಿನ ಬೆಂಗಳೂರು ತಂಡದ್ದು. ಓಡುತ್ತಿರುವ ಕರ್ನಲ್‌ನಿಂದಲೇ ಇನ್ನೊಂದು ಕರ್ನಲ್ ಶುರುಮಾಡುವ, ಎರಿಕ್ ಬೀಡರ್‌ಮನ್ ಅವರ ಕೆಎಕ್ಸೆಕ್ ಮೇಲೆ ಅದನ್ನು ಕಟ್ಟಿದರು. ಬೂಟ್ ಆಗುವಾಗಲೇ ಸ್ವಲ್ಪ ಮೆಮೊರಿ ಪಕ್ಕಕ್ಕಿಟ್ಟು, ಅಲ್ಲಿ ಎರಡನೇ ಕರ್ನಲ್ ಒಂದನ್ನು ಸಿದ್ಧವಾಗಿಡುತ್ತಾರೆ. ಮೊದಲನೆಯದು ಸತ್ತರೆ ಎರಡನೆಯದು ಎದ್ದು, ಸತ್ತದ್ದರ ಮೆಮೊರಿಯನ್ನು ಇಎಲ್‌ಎಫ್ ಅನ್ನುವ, ಲಿನಕ್ಸ್ ಪ್ರೋಗ್ರಾಮುಗಳ ಮಾಮೂಲಿ ಫೈಲ್ ರೂಪದಲ್ಲಿ ತೋರಿಸುತ್ತದೆ.

ತೊಂದರೆ ಬಂದದ್ದು ಆಮೇಲೆ. ಇಡೀ ಮೆಮೊರಿಯನ್ನು ಡಿಸ್ಕಿಗೆ ಬರೆದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಸೊನ್ನೆ ಪೇಜು, ಕ್ಯಾಶ್ ಪೇಜು, ಯೂಸರ್ ಪ್ರೋಗ್ರಾಮಿನ ಪೇಜು, ಖಾಲಿ ಪೇಜು ಬಿಟ್ಟರೆ ಫೈಲ್ ಎಷ್ಟೋ ಚಿಕ್ಕದಾಗುತ್ತದೆ. ಆ ಕೆಲಸ ಮಾಡುವ ಟೂಲ್ ಮೇಕ್‌ಡಂಪ್‌ಫೈಲ್, ಎನ್‌ಇಸಿ ಕಂಪನಿಯವರು ಬರೆದದ್ದು. ಯಾವ ಪೇಜು ಯಾವ ಜಾತಿ ಅಂತ ತಿಳಿಯಲು ಅದಕ್ಕೆ ಕರ್ನಲ್ ಸ್ಟ್ರಕ್ಚರ್‌ಗಳ ಒಳಗಿನ ಅಳತೆ ಗೊತ್ತಿರಬೇಕು. ಅದೆಲ್ಲ ಇರುವುದು ಡಿಬಗ್ ಮಾಹಿತಿ ಸೇರಿದ ದೊಡ್ಡ ಕರ್ನಲ್ ಫೈಲಿನಲ್ಲಿ, ಅದೋ ನೂರಾರು ಎಂಬಿ. ಎರಡನೇ ಕರ್ನಲ್‌ಗೆ ಸಿಕ್ಕಿರುವ ಇಷ್ಟೇ ಇಷ್ಟು ಮೆಮೊರಿಯಲ್ಲಿ ಅದನ್ನು ಎಲ್ಲಿ ಇಡುವುದು? ಬೇಕಾದ ಅಳತೆಗಳನ್ನು ಮಾತ್ರ ಕರ್ನಲ್ಲೇ ಹೇಳಿಬಿಡಲಿ ಅಂತ 2007ರಲ್ಲಿ ಎನ್‌ಇಸಿಯ ಕೆನ್‌ಇಚಿ ಓಮಿಚಿ ಪ್ಯಾಚ್ ಕಳಿಸಿದರು. 2.6.24ರಲ್ಲಿ ಅದು ಸೇರಿತು.

ಎಲ್ಲ ಸೇರಿ 4096 ಬೈಟಿನೊಳಗೆ ಮುಗಿಯಬೇಕು. ಎಕ್ಸ್86ನಲ್ಲಿ ಈಗಲೂ ಅಷ್ಟೇ, ಒಂದು ಪೇಜು. ಈ ಮಿತಿ ಗೊತ್ತಿದ್ದರೆ ಹೆಸರುಗಳನ್ನು ನೋಡುವ ಕಣ್ಣೇ ಬದಲಾಗುತ್ತದೆ. ನಂಬರ್(ಪೇಜ್_ಬಡ್ಡಿ_ಮ್ಯಾಪ್‌ಕೌಂಟ್_ವ್ಯಾಲ್ಯೂ)=-129 ಅನ್ನುವ ಸಾಲು ಇಂಗ್ಲಿಷಿನಲ್ಲಿ, ಸಾಲು ಮುರಿಯುವ ಅಕ್ಷರವೂ ಸೇರಿ, 39 ಬೈಟ್. ನೂರು ಸಾಲು ಹೀಗಿದ್ದರೆ ಜಾಗ ಮುಗಿಯಿತು. ಜಾಗ ಮುಗಿದರೆ ಕರ್ನಲ್ ಉಳಿದದ್ದನ್ನು ಬರೆಯದೆ ಬಿಟ್ಟುಬಿಡುತ್ತದೆ. ಹಿಂದೆ ಸುಮ್ನೆ ಬಿಡುತ್ತಿತ್ತು, ಈಗ ಲಾಗಿನಲ್ಲಿ ಒಂದು ಎಚ್ಚರಿಕೆ ಹಾಕಿ ಬಿಡುತ್ತದೆ. ಹೆಸರು ಉದ್ದ ಆದಷ್ಟೂ ಬೇರೆ ಯಾವುದೋ ಸಾಲಿನ ಜಾಗ ಹೋಗುತ್ತದೆ. ಇಷ್ಟಾದರೂ ಆ 39 ಬೈಟಿನ ಸಾಲು ಇರಲೇಬೇಕು ಅಂತ ನನ್ನ ವಾದ. ಯಾಕೆ ಅಂತ ಹೇಳುತ್ತೇನೆ.

ಒಂದು ಕಾಲಕ್ಕೆ ಖಾಲಿ ಪೇಜುಗಳ ಮ್ಯಾಪ್‌ಕೌಂಟ್ ಫೀಲ್ಡಿನಲ್ಲಿ -128 ಅಂತ ಬರೆದು, ಇದು ಬಡ್ಡಿ ಅಲೊಕೇಟರಿನ (ಖಾಲಿ ಪೇಜುಗಳನ್ನು ಹಂಚುವ ಕರ್ನಲ್ ಭಾಗ) ಕೈಯಲ್ಲಿರುವ ಪೇಜು ಅಂತ ಗುರುತು ಮಾಡುತ್ತಿದ್ದರು. ಆ ಸ್ಥಿರಾಂಕದ ಹೆಸರೇ ಪೇಜ್_ಬಡ್ಡಿ_ಮ್ಯಾಪ್‌ಕೌಂಟ್_ವ್ಯಾಲ್ಯೂ. 2018ರಲ್ಲಿ, 4.18ರ ಹೊತ್ತಿಗೆ, ಆ ವ್ಯವಸ್ಥೆಯನ್ನೇ ಬದಲಾಯಿಸಿದರು. ಪೇಜ್_ಟೈಪ್ ಅನ್ನುವ ಹೊಸ ಫೀಲ್ಡ್ ಬಂತು, ಪಿಜಿ_ಬಡ್ಡಿ ಅನ್ನುವ ಬಿಟ್ ಬಂತು. ಕರ್ನಲ್‌ನ ಉಳಿದ ಕೋಡಿನಲ್ಲಿ ಹಳೆಯ ಹೆಸರು ಬೇಡವಾಯಿತು. ಆದರೆ ವಿಎಂಕೋರ್‌ಇನ್ಫೋ ಬರೆಯುವ ಜಾಗದಲ್ಲಿ ಮಾತ್ರ ಆ ಹಳೆಯ ಹೆಸರನ್ನು ಒಂದು ಡಿಫೈನ್ (ಹೆಸರಿಗೆ ಬೆಲೆ ಕೊಡುವ ಸಾಲು) ಹಾಕಿ ಉಳಿಸಿಕೊಂಡರು. ಹೊಸ ಬಿಟ್ಟನ್ನು ತಿರುಗಿಸಿದರೆ (ಸೊನ್ನೆಯನ್ನು ಒಂದು, ಒಂದನ್ನು ಸೊನ್ನೆ ಮಾಡಿದರೆ) ಬರುವ ಬೆಲೆಯನ್ನು ಆಗ ಅದಕ್ಕೆ ಕೊಟ್ಟರು. ಡಂಪ್ ಓದುವವನ ಪ್ರಶ್ನೆ ಏನು? "ಈ ಪೇಜು ಖಾಲಿಯಾ?" ಹೋಲಿಸಬೇಕಾದ ಬೆಲೆ ಯಾವುದು ಅಂತ ಅವನಿಗೆ ಸಿಕ್ಕರೆ ಸಾಕು. ಅರ್ಥ ಹಾಗೇ ಉಳಿದಿದೆ, ಬೆಲೆ ಮಾತ್ರ ಬದಲಾಗಿದೆ. ಹಾಗಾಗಿ ಹೆಸರನ್ನು ಮುಟ್ಟಲಿಲ್ಲ. ಕೋಡ್ ಓದುವಾಗ ಆ ಒಂದು ಡಿಫೈನ್ ಅಲ್ಲಿ ಯಾಕಿದೆ ಅಂತ ವಿಚಿತ್ರ ಅನ್ನಿಸುತ್ತದೆ. ನನಗೆ ಅದನ್ನು ನೋಡಿದಾಗಲೆಲ್ಲ ಖುಷಿಯಾಗುತ್ತದೆ. ಬರೆದವರು ಓದುವವರನ್ನು ನೆನಪಿಟ್ಟುಕೊಂಡಿದ್ದಾರೆ.

ಇದರ ತದ್ವಿರುದ್ಧದ ಕಥೆ ಮೆಮ್_ಸೆಕ್ಷನ್‌ದು. ನನ್ನ ಲೆಕ್ಕದಲ್ಲಿ ಈ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಮೆಮ್_ಸೆಕ್ಷನ್ ಕರ್ನಲ್‌ನ ಒಂದು ಅರೇ. ಯಾವ ಪೇಜಿನ ವಿವರ ಮೆಮೊರಿಯಲ್ಲಿ ಎಲ್ಲಿದೆ ಅಂತ ಹುಡುಕಲು ಮೇಕ್‌ಡಂಪ್‌ಫೈಲ್ ಅಲ್ಲಿಂದಲೇ ಹೊರಡಬೇಕು. ವಿಎಂಕೋರ್‌ಇನ್ಫೋದಲ್ಲಿ ಸಿಂಬಲ್(ಮೆಮ್_ಸೆಕ್ಷನ್) ಅಂತ ಅದರ ಅಡ್ರೆಸ್ ಇರುತ್ತಿತ್ತು. ಇನ್ನೂ ಹೆಚ್ಚು ಮೆಮೊರಿ ಬಳಸಲು 5-ಲೆವೆಲ್ ಪೇಜಿಂಗ್ ತರುವ ಕೆಲಸ ನಡೆದಾಗ ಆ ಅರೇ ತೀರಾ ದೊಡ್ಡದಾಗುವ ಸಮಸ್ಯೆ ಬಂತು. ಅದನ್ನು ಮೊದಲೇ ಕಟ್ಟಿಡುವ ಬದಲು ಬೂಟ್ ಆಗುವಾಗ ಬೇಕಾದಷ್ಟು ಜಾಗ ಪಡೆಯೋಣ ಅಂತ 4.15ರ ಕೆಲಸದಲ್ಲಿ ಮೆಮ್_ಸೆಕ್ಷನ್ ಅನ್ನು ಅರೇಯಿಂದ ಪಾಯಿಂಟರ್ (ಬೇರೆಡೆ ಇರುವುದರ ಅಡ್ರೆಸ್ ಇಟ್ಟುಕೊಳ್ಳುವ ವೇರಿಯಬಲ್) ಮಾಡಿದರು. ಸಿ ಭಾಷೆಯಲ್ಲಿ ಅರೇ ಬಳಸಿದ ಹೆಚ್ಚಿನ ಕಡೆ ಪಾಯಿಂಟರನ್ನೂ ಅದೇ ರೀತಿ ಬಳಸಬಹುದು. ಅದನ್ನು ಬಳಸುತ್ತಿದ್ದ ಕೋಡಿನಲ್ಲಿ ಹೆಚ್ಚಿನ ಕಡೆ ಏನೂ ಬದಲಾಯಿಸಬೇಕಾಗಲಿಲ್ಲ. ಕಂಪೈಲರ್ ಕೂಡ ತಕರಾರು ಮಾಡಲಿಲ್ಲ.

ಒಂದು ಕಡೆ ಮಾತ್ರ ಮುಖ್ಯವಾದ ವ್ಯತ್ಯಾಸ ಇತ್ತು. ಅರೇಯ ಅಡ್ರೆಸ್ ಕೇಳಿದರೆ ಅರೇ ಇರುವ ಜಾಗ ಸಿಗುತ್ತದೆ. ಪಾಯಿಂಟರಿನ ಅಡ್ರೆಸ್ ಕೇಳಿದರೆ ಪಾಯಿಂಟರ್ ಇರುವ ಜಾಗ ಸಿಗುತ್ತದೆ. ಮನೆ ಎಲ್ಲಿದೆ ಅಂತ ಕೇಳಿದರೆ, ವಿಳಾಸ ಬರೆದ ಚೀಟಿ ಎಲ್ಲಿದೆ ಅಂತ ಹೇಳಿದ ಹಾಗೆ. ವಿಎಂಕೋರ್‌ಇನ್ಫೋ ಬರೆಯುವ ಮ್ಯಾಕ್ರೋ ಕೇಳುತ್ತಿದ್ದದ್ದು ಅದನ್ನೇ. ಸಾಲು ಹಾಗೇ ಬಂತು. ಹೆಸರು ಅದೇ, ರೂಪ ಅದೇ, ನೋಡಲು ಕರ್ನಲ್ ಅಡ್ರೆಸ್ ಥರಾನೇ ಇರುವ ಬೆಲೆ. ಅದನ್ನು ನಂಬಿ ಹೊರಟ ಟೂಲ್ ಅಲ್ಲಿದ್ದ ಪಾಯಿಂಟರನ್ನೇ ಅರೇಯ ಮೊದಲ ಮನೆ ಅಂದುಕೊಂಡು ದಾರಿ ತಪ್ಪುತ್ತಿತ್ತು.

2018ರ ಜನವರಿಯಲ್ಲಿ ಇದನ್ನು ಸರಿಪಡಿಸಿದರು. ಸಿಂಬಲ್_ಅರೇ ಅಂತ ಹೊಸ ಮ್ಯಾಕ್ರೋ ಬಂತು. ಮೆಮ್_ಸೆಕ್ಷನ್ ಅರೇ ಆಗಿರಲಿ, ಪಾಯಿಂಟರ್ ಆಗಿರಲಿ, ಅದು ಅರೇಯ ನಿಜವಾದ ಜಾಗವನ್ನೇ ಬರೆಯುತ್ತದೆ. ಡಂಪಿನಲ್ಲಿ ಕಾಣುವ ಹೆಸರು ಮಾತ್ರ ಮೊದಲಿನ ಸಿಂಬಲ್(ಮೆಮ್_ಸೆಕ್ಷನ್) ಆಗಿಯೇ ಉಳಿಯಿತು, ಅದರ ಅರ್ಥ ಮೊದಲಿನ ಹಾಗೇ ಆಯಿತು. ಸರಿಯಾದ ಪರಿಹಾರ. ಆದರೆ ಮಧ್ಯದಲ್ಲಿ ಹೊರಬಂದ ಕರ್ನಲ್‌ಗಳಲ್ಲಿ ತೆಗೆದ ಡಂಪುಗಳು? ಅದೇ ಹೆಸರಿನ ಕೆಳಗೆ ಬೇರೆ ಅರ್ಥ ಇಟ್ಟುಕೊಂಡು ಅವು ಎಲ್ಲೋ ಉಳಿದಿವೆ. ಬರೆದು ಮುಗಿದ ಡಂಪನ್ನು ಪ್ಯಾಚ್ ಹಾಕಿ ಸರಿಮಾಡಲು ಬರುವುದಿಲ್ಲವಲ್ಲ.

ಅರ್ಥ ಬದಲಾದಾಗ ಹೆಸರನ್ನೂ ಬದಲಾಯಿಸಿದ ಉದಾಹರಣೆಯೂ ಇದೆ, ಅದಕ್ಕೂ ಒಂದು ವರ್ಷ ಹಿಂದಿನದು. ಎಕ್ಸ್86ನಲ್ಲಿ ಕರ್ನಲ್ ತಾನು ಬಳಸುವ ವರ್ಚುವಲ್ ಅಡ್ರೆಸ್ಸನ್ನು ಫಿಸಿಕಲ್ ಅಡ್ರೆಸ್ (ಮೆಮೊರಿಯಲ್ಲಿನ ನಿಜವಾದ ಜಾಗ) ಮಾಡಬೇಕಾದರೆ ಫಿಸ್_ಬೇಸ್ ಅನ್ನುವ ವೇರಿಯಬಲ್ಲಿನ ಬೆಲೆ ಬೇಕು. ಬಹಳ ಕಾಲ ವಿಎಂಕೋರ್‌ಇನ್ಫೋದಲ್ಲಿ ಇದ್ದದ್ದು ಸಿಂಬಲ್(ಫಿಸ್_ಬೇಸ್), ಅಂದರೆ ಆ ವೇರಿಯಬಲ್ಲಿನ ವರ್ಚುವಲ್ ಅಡ್ರೆಸ್. ಅದನ್ನು ಓದಬೇಕಾದರೆ ಫಿಸಿಕಲ್ ಅಡ್ರೆಸ್ ಬೇಕು. ಅದಕ್ಕೆ ಫಿಸ್_ಬೇಸ್ ಬೆಲೆ ಬೇಕು! ಟೂಲ್‌ಗಳು ಇಎಲ್‌ಎಫ್ ಹೆಡರಿನಿಂದ ಲೆಕ್ಕ ಹಾಕಿ ಹೇಗೋ ನಿಭಾಯಿಸುತ್ತಿದ್ದವು. ಕ್ರ್ಯಾಶ್ ಟೂಲನ್ನು ನೋಡಿಕೊಳ್ಳುತ್ತಿದ್ದ ಡೇವ್ ಆಂಡರ್ಸನ್ ಇದರಿಂದ ತಮಗೆ ಉಪಯೋಗವೇ ಇಲ್ಲ ಅಂತ ದೂರಿದ ಮೇಲೆ, 4.10ರಲ್ಲಿ ಬೆಲೆಯನ್ನೇ ಬರೆಯಲು ಶುರುಮಾಡಿದರು. ಸಿಂಬಲ್(ಫಿಸ್_ಬೇಸ್) ಅನ್ನುವ ಸಾಲು ಹೋಯಿತು. ನಂಬರ್(ಫಿಸ್_ಬೇಸ್) ಬಂತು. ಒಳಗಿನ ಹೆಸರು ಅದೇ, ಹೊರಗಿನ ಜಾತಿ ಬೇರೆ. ಹಳೆಯ ಟೂಲ್‌ಗೆ ಸಿಂಬಲ್ ಸಿಗುವುದಿಲ್ಲ, ಹೊಸ ಟೂಲ್‌ಗೆ ನಂಬರ್ ಸಿಗುತ್ತದೆ. ಒಂದನ್ನು ಇನ್ನೊಂದು ಅಂದುಕೊಳ್ಳುವ ಪ್ರಶ್ನೆಯೇ ಇಲ್ಲ. ಬ್ರ್ಯಾಕೆಟ್ಟಿನ ಪದ್ಧತಿ ಇಟ್ಟದ್ದಕ್ಕೆ ಸಾರ್ಥಕ ಆಯಿತು ಅನ್ನಿಸುವುದು ಇಂಥ ಕಡೆ.

ಇನ್ನು ಅರ್ಥ ಬದಲಾಗದೆ ಬರೀ ಹೆಸರು ಬದಲಾದದ್ದೂ ಇದೆ. ಸ್ಟ್ರಕ್ಟ್ ಪೇಜಿನಲ್ಲಿ _ಕೌಂಟ್ ಅಂತ ಒಂದು ಫೀಲ್ಡ್ ಇತ್ತು. 2016ರಲ್ಲಿ, 4.7ರಲ್ಲಿ, ಅದು _ರೆಫ್‌ಕೌಂಟ್ ಆಯಿತು. ಕಾರಣ ಒಳ್ಳೆಯದೇ. ಎಲ್ಲರೂ ಆ ಫೀಲ್ಡಿಗೆ ನೇರ ಕೈ ಹಾಕುತ್ತಿದ್ದರು, ಹಾಗೆ ಮಾಡಬಾರದು ಅಂತ ಗಮನ ಸೆಳೆಯಲು ಹೆಸರು ಬದಲಾಯಿಸಿದರು. ಬ್ರ್ಯಾಕೆಟ್ಟಿನೊಳಗೆ ಕರ್ನಲ್‌ನ ಹೆಸರನ್ನು ಇದ್ದ ಹಾಗೇ ಹಾಕುವುದು ಪದ್ಧತಿ, ಹಾಗಾಗಿ ಆಫ್‌ಸೆಟ್(ಪೇಜ್._ಕೌಂಟ್) ಹೋಗಿ ಆಫ್‌ಸೆಟ್(ಪೇಜ್._ರೆಫ್‌ಕೌಂಟ್) ಬಂತು. ಮೇಕ್‌ಡಂಪ್‌ಫೈಲ್ ಈಗ ಮೊದಲು ಹೊಸ ಹೆಸರು ಹುಡುಕುತ್ತದೆ, ಸಿಗದಿದ್ದರೆ ಹಳೆಯದನ್ನು ಹುಡುಕುತ್ತದೆ. ಲಾಗ್ ಅನ್ನುವ ಸ್ಟ್ರಕ್ಚರ್ 3.11ರಲ್ಲಿ ಪ್ರಿಂಟ್‌ಕೆ_ಲಾಗ್ ಆದಾಗಲೂ ಹೀಗೇ ಆಗಿತ್ತು. ಇದು ಕಿರಿಕಿರಿ, ಅಪಾಯ ಅಲ್ಲ. ಹೆಸರು ಸಿಗದಿದ್ದರೆ ಟೂಲ್ ನಿಂತುಬಿಡುತ್ತದೆ, ಸಿಗಲಿಲ್ಲ ಅಂತ ಹೇಳುತ್ತದೆ, ಒಂದು ಸಣ್ಣ ಪ್ಯಾಚಿನಲ್ಲಿ ಮುಗಿಯುತ್ತದೆ. 5.10ರಲ್ಲಿ ಕರ್ನಲ್ ಲಾಗಿನ ಬಫರನ್ನೇ ಪೂರ್ತಿ ಹೊಸದಾಗಿ ಬರೆದಾಗ ಹಳೆಯ ಹೆಸರುಗಳನ್ನು ತೆಗೆದು, ಪಿಆರ್‌ಬಿ ಅಂತ ಹೊಸ ಬೇರಿನಿಂದಲೇ ಶುರುಮಾಡಿದರು. ಹಳೆಯ ಟೂಲ್‌ಗಳಲ್ಲಿ ಲಾಗ್ ಬರುವುದು ನಿಂತಿತು. ಬೈದುಕೊಂಡವರು ಇದ್ದರು. ನನಗೆ ಅದು ಸರಿಯೇ ಅನ್ನಿಸಿತು. ಬರದೇ ಇರುವ ಲಾಗನ್ನು ಯಾರೂ ನಂಬಿ ಕೆಡುವುದಿಲ್ಲ.

ಹೆಸರು ಇದೆಯೋ ಇಲ್ಲವೋ ನೋಡಿ ನಿರ್ಧರಿಸುವುದಕ್ಕಿಂತ ಓಎಸ್‌ರಿಲೀಸ್ ನೋಡಿ ನಿರ್ಧರಿಸಿದರೆ ಸುಲಭ ಅಲ್ವಾ ಅಂತ ಕೇಳುವವರಿದ್ದಾರೆ. ಸುಲಭ ಹೌದು, ನಂಬುವ ಹಾಗಿಲ್ಲ. ಎಂಟರ್‌ಪ್ರೈಸ್ ಡಿಸ್ಟ್ರಿಬ್ಯೂಷನ್‌ಗಳ, ಅಂದರೆ ಕಂಪನಿಗಳಿಗಾಗಿ ಕಟ್ಟಿಕೊಡುವ ಲಿನಕ್ಸ್‌ಗಳ, ಕರ್ನಲ್ ನೋಡಿ. ರೆಡ್ ಹ್ಯಾಟ್‌ನ 8ನೇ ಆವೃತ್ತಿಯ ಕರ್ನಲ್ ಕೊನೆಯ ತನಕ 4.18 ಅಂತಲೇ ಹೇಳಿಕೊಂಡಿದೆ. ಆದರೆ ಆಮೇಲಿನ ಎಷ್ಟೋ ಕರ್ನಲ್‌ಗಳ ಕೆಲಸವನ್ನು ಅದಕ್ಕೆ ಹಿಂದಕ್ಕೆ ತಂದು ಸೇರಿಸಿದ್ದಾರೆ. ವರ್ಷನ್ ನಂಬರ್ ನೋಡಿ ಯಾವ ಸ್ಟ್ರಕ್ಚರ್ ಹೇಗಿದೆ ಅಂತ ಹೇಳಲು ಸಾಧ್ಯವೇ ಇಲ್ಲ. ಆ ಸಾಲು ಡಂಪಿನಲ್ಲಿ ಇದೆಯಾ, ಇದ್ದರೆ ಬೆಲೆ ಎಷ್ಟು? ಅಷ್ಟೇ ಸತ್ಯ. ಮೇಕ್‌ಡಂಪ್‌ಫೈಲ್ ತನಗೆ ಗೊತ್ತಿರುವುದಕ್ಕಿಂತ ಹೊಸ ಕರ್ನಲ್ ಕಂಡರೆ, ಈ ವರ್ಷನ್‌ಗೆ ಬೆಂಬಲ ಇಲ್ಲ, ಕೆಲಸ ಅರ್ಧಂಬರ್ಧ ಆಗಬಹುದು ಅಂತ ಎಚ್ಚರಿಸುತ್ತದೆ. ಎಚ್ಚರಿಸಿ ಮುಂದೆ ಹೋಗಿ ಎಷ್ಟೋ ಸಲ ಕೆಲಸವನ್ನು ಸರಿಯಾಗಿಯೇ ಮುಗಿಸುತ್ತದೆ. ಯಾಕೆಂದರೆ ಹೆಸರುಗಳೆಲ್ಲ ಸಿಕ್ಕಿರುತ್ತವೆ.

"ಇಲ್ಲ" ಅನ್ನುವುದನ್ನು ಹೇಗೆ ಬರೆದಿಡುವುದು ಅನ್ನುವುದೂ ಇದಕ್ಕೆ ಸೇರಿದ್ದೇ. ಮೇಲೆ ಆಫ್‌ಸೆಟ್(ಪೇಜ್.ಫ್ಲಾಗ್ಸ್)=0 ಅಂತ ಇದೆಯಲ್ಲ, ಅಲ್ಲಿ ಸೊನ್ನೆ ನಿಜವಾದ ಬೆಲೆ. ಫ್ಲಾಗ್ಸ್ ಫೀಲ್ಡ್ ಇರುವುದೇ ಸ್ಟ್ರಕ್ಚರಿನ ಮೊದಲ ಜಾಗದಲ್ಲಿ. ಹಾಗಾಗಿ ಆಫ್‌ಸೆಟ್ ಸಿಗದಿದ್ದರೆ ಸೊನ್ನೆ ಅಂತ ಇಟ್ಟುಕೊಳ್ಳುವ ಹಾಗಿಲ್ಲ. ಮೇಕ್‌ಡಂಪ್‌ಫೈಲ್ -1 ಇಟ್ಟುಕೊಳ್ಳುತ್ತದೆ. ಸಿಂಬಲ್ ಸಿಗದಿದ್ದರೆ ಮಾತ್ರ ಸೊನ್ನೆ, ಯಾಕೆಂದರೆ ಸೊನ್ನೆ ಅಡ್ರೆಸ್ಸಿನಲ್ಲಿ ಕರ್ನಲ್ ಸಿಂಬಲ್ ಇರುವುದಿಲ್ಲ. ವಿಂಡೋಸ್‌ನವರ ದಾರಿ ಬೇರೆ, ನನಗೆ ಇಷ್ಟವಾದದ್ದು. ಅವರ 64 ಬಿಟ್ ಡಂಪಿನ ಮೊದಲ ಎಂಟು ಅಕ್ಷರ ಪೇಜ್‌ಡಿಯು64. ಆಮೇಲಿನ ಹೆಡರಿನಲ್ಲಿ ಯಾರೂ ಬೆಲೆ ತುಂಬದ ಜಾಗದಲ್ಲೆಲ್ಲ ಸೊನ್ನೆಯ ಬದಲು ಪೇಜ್ ಅನ್ನುವ ನಾಲ್ಕಕ್ಷರ ಮತ್ತೆ ಮತ್ತೆ ಬರುತ್ತದೆ. ಹೆಕ್ಸ್ ಎಡಿಟರಿನಲ್ಲಿ ತೆರೆದರೆ ಯಾವ ಫೀಲ್ಡ್ ತುಂಬಿದೆ, ಯಾವುದು ತುಂಬಿಲ್ಲ ಅಂತ ಒಂದೇ ನೋಟಕ್ಕೆ ಕಾಣುತ್ತದೆ.

ಫೈಲಿನ ಹೊರಗಿನ ಹೆಸರಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಆದರೆ ಒಂದು ತೊಂದರೆ ವಾರ ವಾರವೂ ಕಾಣುತ್ತದೆ. ರೆಡ್ ಹ್ಯಾಟ್ ಬಳಗದ ಮೆಷಿನ್‌ಗಳಲ್ಲಿ ಡಂಪ್ ಕೂರುವ ಫೋಲ್ಡರಿನ ಹೆಸರು 127.0.0.1, ಆಮೇಲೆ ದಿನಾಂಕ, ಆಮೇಲೆ ಕೋಲನ್ ಹಾಕಿದ ಸಮಯ. ಮೆಷಿನ್ ತನ್ನ ಡಿಸ್ಕಿಗೇ ಬರೆದುಕೊಂಡರೆ ಐಪಿ ಯಾವಾಗಲೂ 127.0.0.1. ಗ್ರಾಹಕರು ಹತ್ತಾರು ಸರ್ವರುಗಳ ಡಂಪ್ ಒಟ್ಟಿಗೆ ಕಳಿಸಿದಾಗ ಎಲ್ಲವೂ 127.0.0.1. ಸಾಲದ್ದಕ್ಕೆ ಕೋಲನ್ ಇರುವ ಹೆಸರನ್ನು ವಿಂಡೋಸ್ ಒಪ್ಪುವುದಿಲ್ಲ. ಬೇರೆ ಮೆಷಿನ್ನಿಗೆ ಫೈಲ್ ನಕಲಿಸುವ ಎಸ್‌ಸಿಪಿ ಕಮಾಂಡ್ ಹಾಕಿದರೆ ಕೋಲನ್‌ಗಿಂತ ಮೊದಲಿನ ಭಾಗ ಬೇರೆ ಮೆಷಿನ್ನಿನ ಹೆಸರು ಅಂತ ಅದು ತಿಳಿಯುತ್ತದೆ, ಹೆಸರಿನ ಮುಂದೆ ಚುಕ್ಕಿ ಮತ್ತು ಸ್ಲ್ಯಾಷ್ ಹಾಕಬೇಕು. ಫ್ರೀಬಿಎಸ್‌ಡಿ ಅನ್ನುವ ಇನ್ನೊಂದು ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಇದು ಎಷ್ಟೋ ಚೆನ್ನಾಗಿದೆ. ವಿಎಂಕೋರ್.0 ಪಕ್ಕದಲ್ಲೇ ಇನ್ಫೋ.0 ಅಂತ ಚಿಕ್ಕ ಟೆಕ್ಸ್ಟ್ ಫೈಲ್. ಹೋಸ್ಟ್‌ನೇಮ್, ಡಂಪ್‌ಟೈಮ್, ಪ್ಯಾನಿಕ್ ಸ್ಟ್ರಿಂಗ್, ಡಂಪ್ ಸ್ಟೇಟಸ್ ಎಲ್ಲ ಒಂದೊಂದು ಸಾಲು, ಯಾವ ಟೂಲೂ ಬೇಡ. ನಾವು ಈಗ ಬಂದ ಲಿನಕ್ಸ್ ಡಂಪುಗಳಿಗೆಲ್ಲ ಅಂಥದ್ದೇ ಒಂದು ಫೈಲ್ ನಾವೇ ಮಾಡಿಕೊಳ್ಳುತ್ತೇವೆ. ಸಮಯವನ್ನು ಫೋಲ್ಡರಿನ ಹೆಸರಿನಿಂದ ತೆಗೆದುಕೊಳ್ಳುವುದಿಲ್ಲ, ವಿಎಂಕೋರ್‌ಇನ್ಫೋದ ಕ್ರ್ಯಾಶ್‌ಟೈಮ್ ಸಾಲಿನಿಂದ ತೆಗೆದುಕೊಳ್ಳುತ್ತೇವೆ. ಅದನ್ನು ಬರೆಯುವುದು ಸಾಯುತ್ತಿರುವ ಕರ್ನಲ್. ಫೋಲ್ಡರಿನ ಸಮಯ ಬರೆಯುವುದು ಆಮೇಲೆ ಎದ್ದ ಎರಡನೇ ಕರ್ನಲ್.

ಇದೆಲ್ಲ ಈಗ ಬರೆಯಲು ಕಾರಣ, ನಮ್ಮ ಡ್ರೈವರ್ ಟೀಮಿನವರು ಕಳೆದ ತಿಂಗಳು ತಮ್ಮ ಕಾರ್ಡಿನ ಫರ್ಮ್‌ವೇರ್ ಡಂಪಿಗೆ ಹೊಸ ಹೆಡರ್ ಬರೆದು ರಿವ್ಯೂಗೆ ಕಳಿಸಿದರು. ಅದರಲ್ಲಿ ಲೆನ್ ಅಂತ ಒಂದು ಫೀಲ್ಡ್ ಇತ್ತು. ಬೈಟಾ, ಪೇಜಾ, ಎಂಟ್ರಿಗಳ ಎಣಿಕೆಯಾ ಅಂತ ಕೇಳಿದೆ. "ಕೋಡಿನಲ್ಲಿ ಗೊತ್ತಾಗುತ್ತದೆ ಮೇಡಂ" ಅಂದರು. ಡಂಪ್ ಓದುವ ದಿನ ಆ ಕೋಡ್ ಓದುವವನ ಹತ್ತಿರ ಇರುತ್ತದೆ ಅಂತ ಏನು ಖಾತ್ರಿ? ಲೆನ್_ಬೈಟ್ಸ್ ಮಾಡಿಸಿದೆ. ಟೈಮ್ ಅನ್ನುವುದನ್ನು ಟೈಮ್_ಎನ್‌ಎಸ್ ಮಾಡಿಸಿದೆ. ಸ್ಟೇಟ್2 ಅನ್ನುವುದಕ್ಕೆ ಅದು ನಿಜವಾಗಿ ಏನೋ ಆ ಹೆಸರು ಇಡಿಸಿದೆ.

ಅವರ ಮುಖ್ಯ ಬದಲಾವಣೆ ಇನ್ನೊಂದಿತ್ತು. ಮೊದಲು 32 ಬಿಟ್ ಇದ್ದ ಸ್ಟಾರ್ಟ್ ಅನ್ನುವ ಫೀಲ್ಡ್ ಸಾಲದಾಗಿ, ಅದನ್ನೇ 64 ಬಿಟ್ ಮಾಡಿದ್ದರು. ಮೇಕ್‌ಡಂಪ್‌ಫೈಲಿನವರಿಗೂ ಇದೇ ಪರಿಸ್ಥಿತಿ ಬಂದಿತ್ತು. ಅವರ ಕಂಪ್ರೆಸ್ಡ್ ಫಾರ್ಮ್ಯಾಟಿನಲ್ಲಿ ಪೇಜಿನ ಸಂಖ್ಯೆ ಇಡುವ ಸ್ಟಾರ್ಟ್_ಪಿಎಫ್‌ಎನ್ ಫೀಲ್ಡ್ ಕೆಲವು ಕಡೆ 32 ಬಿಟ್ ಮಾತ್ರ ಇತ್ತು. 4 ಕೆಬಿ ಪೇಜಿನ ಲೆಕ್ಕದಲ್ಲಿ 16 ಟಿಬಿ ಮೆಮೊರಿಗೆ ಅದು ಮುಗಿಯುತ್ತದೆ. ಅವರು ಹಳೆಯ ಫೀಲ್ಡನ್ನು ಅಗಲ ಮಾಡಲಿಲ್ಲ. ಅದನ್ನು ಅಲ್ಲೇ ಬಿಟ್ಟು, ಬಳಕೆಯಲ್ಲಿಲ್ಲ ಅಂತ ಪಕ್ಕದಲ್ಲಿ ಬರೆದು, ಸಬ್‌ಹೆಡರಿನ ಕೊನೆಗೆ ಸ್ಟಾರ್ಟ್_ಪಿಎಫ್‌ಎನ್_64 ಅಂತ ಹೊಸದು ಸೇರಿಸಿದರು. ಹೆಡರ್ ವರ್ಷನ್ 6 ಆಯಿತು. ನಮ್ಮ ಹುಡುಗರಿಗೆ ಆ ಹೆಡರ್ ಫೈಲ್ ತೆರೆದು ತೋರಿಸಿದೆ. ಒಪ್ಪಿಕೊಂಡು ಹಾಗೇ ಮಾಡಿದರು.

ಈಗ ಉಳಿದಿರುವ ಚರ್ಚೆ ಒಂದೇ. ಬೈನರಿ ಹೆಡರೇ ಸಾಕು ಅಂತ ಅವರು ಹೇಳುತ್ತಾರೆ, ಜಾಗ ಉಳಿಯುತ್ತದೆ ಅಂತ. ಅದರ ಪಕ್ಕದಲ್ಲಿ ವಿಎಂಕೋರ್‌ಇನ್ಫೋ ಥರದ ಟೆಕ್ಸ್ಟ್ ಸಾಲುಗಳೂ ಇರಲಿ, ಜಾತಿ ಬ್ರ್ಯಾಕೆಟ್ಟಿನ ಹೊರಗೆ, ಹೆಸರು ಒಳಗೆ ಅಂತ ನಾನು ಹೇಳುತ್ತೇನೆ. ಡಂಪ್ ಓದುವ ಲಿಬ್‌ಕೆಡಂಪ್‌ಫೈಲ್ ಲೈಬ್ರರಿ ಮಾಡುವ ಹಾಗೆ, ಓದುವ ಟೂಲ್ ಆ ಸಾಲುಗಳನ್ನು ಚುಕ್ಕಿಯಿಂದ ಚುಕ್ಕಿಗೆ ಕವಲೊಡೆಯುವ ಹೆಸರುಗಳ ಮರದ ರೂಪಕ್ಕೆ ಒಡೆದುಕೊಳ್ಳಲಿ, ಆದರೆ ಮೂಲ ಟೆಕ್ಸ್ಟನ್ನೂ ಹಾಗೇ ಕೈಗೆ ಸಿಗುವಂತೆ ಇಡಲಿ. ಅದಕ್ಕೆ ಬೇಕಾಗುವುದು ಒಂದು ಪೇಜು, 4096 ಬೈಟ್. ಅವರ ಕಾರ್ಡಿನ ಡಂಪ್ 64 ಎಂಬಿ. ಮುಂದಿನ ವಾರದ ಮೀಟಿಂಗಿಗೆ ಈ ಲೆಕ್ಕವನ್ನೇ ತೆಗೆದುಕೊಂಡು ಹೋಗುತ್ತಿದ್ದೇನೆ, ಜೊತೆಗೆ ಎಲ್ಲ ಅಡ್ರೆಸ್‌ಗೂ ಹೆಕ್ಸ್ ಮುಂಗುರುತು ಕಡ್ಡಾಯ ಅನ್ನುವ ಒಂದು ಸಾಲನ್ನೂ.